ಸೊಂಟದಳತೆ ಹೇಳದೆ ಹೋದ ಕಿಟಕಿ

ಆ ಬೀದಿಯವರು ಅವನನ್ನು ಕರೆಯುತ್ತಿದ್ದುದೇ ನೀಲಿಪರದೆ ಎಂದು. ಅಂಗಡಿಗಳಿಗೆ ಅವನು ಬರೆದುಕೊಡುವ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಚಿತ್ರಗಿತ್ರ ಇರುತ್ತಿರಲಿಲ್ಲ. ನೀಲಿ ಪರದೆ, ಬಿಳಿ ಅಕ್ಷರ, ಗೆರೆ ಎಳೆದ ಚೌಕದ ಕಿಟಕಿಗಳು, ಅಷ್ಟೇ. "ಬಟ್ಟೆ ಹೊಲಿಯೋರಿಗೆ ಚಿತ್ರ ಕಟ್ಕೊಂಡು ಏನಾಗಬೇಕು?" ಎನ್ನುವನು. ಊರೆಲ್ಲ ಚಿತ್ರದ ಕಡೆ ವಾಲಿದ ಮೇಲೆ ಅವನ ಪಾಲಿಗೆ ಉಳಿದವನು ಒಬ್ಬನೇ ಗಿರಾಕಿ, ಮೂಲೆ ಅಂಗಡಿಯ ಟೈಲರ್.

ಆ ಟೈಲರನೇ ಮಂಗಳವಾರ ಬೆಳಿಗ್ಗೆ ಫೋನ್ ಮಾಡಿದ.

"ಸಾರ್, ಕಾಲೇಜಿನ ಪ್ರಿನ್ಸಿಪಾಲ್ರು ಹೊಸ ಪ್ಯಾಂಟನ್ನ ಎರಡೂ ಕೈಲಿ ಹಿಡ್ಕೊಂಡು ಇಲ್ಲೇ ನಿಂತಿದಾರೆ. ಕೈ ಬಿಟ್ರೆ ಮಾನ ಹೋಗುತ್ತೆ."

"ಸೊಂಟ ಎಷ್ಟು ಒತ್ತಿದ್ರಿ?"

"ಕೈಯಾರೆ ಮೂವತ್ತು ಒತ್ತಿದೀನಿ. ಹೊಲಿಯೋ ಚೀಟೀಲಿ ಬಂದಿರೋದು ನಲವತ್ತಾರು. ಅದು ಅವರಿಗಿಂತ ಮುಂಚೆ ಬಂದಿದ್ದ ಬೇಕರಿ ಯಜಮಾನರ ಸೊಂಟ! ಸಂಜೆ ಐದರೊಳಗೆ ಸರಿ ಮಾಡಿ. ಇಲ್ದಿದ್ರೆ ನಿಮ್ಮ ನೀಲಿ ಪರದೆಗೆ ಮುಸುಕು ಹಾಕಿ ಹಳೇ ನೋಟ್‌ಬುಕ್ ತೆಗೀತೀನಿ."

ಆ ಪ್ರೋಗ್ರಾಮಿನಲ್ಲಿ ಗಿರಾಕಿಯ ಹೆಸರಿಗೆ ಒಂದು ದೊಡ್ಡ ಕಿಟಕಿ. ಅಳತೆಗೆಂದು ಅದರ ಮೇಲೊಂದು ಪುಟ್ಟ ಕಿಟಕಿ ತೆರೆಯುತ್ತದೆ. ಸೊಂಟ ಬರೆದು "ಸರಿ" ಒತ್ತಿದರೆ ಪುಟ್ಟದು ಮುಚ್ಚುತ್ತದೆ. ಹೋಗುವಾಗ ಅಳತೆಯನ್ನು ದೊಡ್ಡದಕ್ಕೆ ತಿಳಿಸಿ ಹೋಗಬೇಕು. ಮೊದಲು ತಿಳಿಸುತ್ತಲೂ ಇತ್ತು. ಹೋದ ವಾರ ನೀಲಿಪರದೆ ಅದಕ್ಕೆ ಅಚ್ಚುಕಟ್ಟು ಕಲಿಸಿದ್ದ: "ಸರಿ" ಎಂದೊಡನೆ ಹೇಳಹೆಸರಿಲ್ಲದಂತೆ ಮಾಯವಾಗಬೇಕು. ಆ ಸಾಲುಗಳನ್ನು ಈಗ ಹತ್ತು ಸಲ ಓದಿದ. ಎಷ್ಟು ಚೆಂದ ಬರೆದಿದ್ದೇನೆ ಎಂದು ಖುಷಿಯಾಯಿತೇ ಹೊರತು ತಪ್ಪು ಕಣ್ಣಿಗೆ ಬೀಳಲಿಲ್ಲ.

ಮನೆಯಲ್ಲೂ ಮಾತು ನಿಂತು ಮೂರನೇ ದಿನ. ನಾಳೆ ನನ್ನ ತಂಗಿಯನ್ನು ಸ್ಟೇಷನ್ನಿನಿಂದ ಕರೆತನ್ನಿ ಎಂದು ಹೆಂಡತಿ ಶನಿವಾರ ಹೇಳಿದ್ದಳು. ಪರದೆಯಿಂದ ಕಣ್ಣು ಕೀಳದೆ ಇವನು "ಹ್ಞೂಂ" ಎಂದಿದ್ದ. ಪಾಪ, ತಂಗಿ ತನ್ನ ಪೆಟ್ಟಿಗೆಯ ಮೇಲೆ ಕುಳಿತು ಮೂರು ಗಂಟೆ ಕಾದಳು. ಅಂದಿನಿಂದ ಹೆಂಡತಿ ಅಡುಗೆಮನೆಯಲ್ಲಿ, ಇವನು ಕೋಣೆಯಲ್ಲಿ, ನಡುವೆ ಸುದ್ದಿ ಹೊರಲು ಅತ್ತೆ.

"ಅಮ್ಮ, ಗ್ಯಾಸ್ ಮುಗೀತು ಅಂತ ಹೇಳು. ಕಿವಿ ಅಂತ ಒಂದಿದ್ರೆ ಕೇಳಿಸ್ಕೊಳ್ಳಲಿ."

ಅತ್ತೆ ಮಂಡಿ ಹಿಡಿದುಕೊಂಡು ಕೋಣೆಯ ಬಾಗಿಲಿಗೆ ಬಂದರು. "ಅಳಿಯಂದ್ರೇ, ಗ್ಯಾಸ್ ಮುಗಿದಿದೆಯಂತೆ." ಕಿವಿಯ ಮಾತನ್ನು ಬರುವ ದಾರಿಯಲ್ಲೇ ಇಳಿಸಿಬಿಟ್ಟಿದ್ದರು.

"ಹ್ಞೂಂ."

ಅತ್ತೆ ಕದಲಲಿಲ್ಲ.

"ಹ್ಞೂಂ ಅಂದ್ನಲ್ಲ ಅತ್ತೆ."

"ಅಂದ್ರಿ. ನಾನೇನು ಹೇಳಿದೆ, ಹೇಳಿ ನೋಡೋಣ."

ನೀಲಿಪರದೆ ತಡಕಾಡಿದ. ತಲೆಯಲ್ಲಿ ಬೇಕರಿ ಯಜಮಾನರ ಸೊಂಟ ಬಿಟ್ಟು ಬೇರೇನೂ ಸಿಗಲಿಲ್ಲ.

"ಅದಕ್ಕೇ ನಿಂತಿರೋದು," ಎಂದರು ಅತ್ತೆ. "ನೀವು ಕೇಳಿಸ್ಕೊಳ್ಳೋಕೆ ಮುಂಚೆ ನಾನು ಹೊರಟುಬಿಟ್ರೆ, ಆಮೇಲೆ ಯಾರನ್ನ ಕೇಳ್ತೀರಿ? ಈ ಬಾಗಿಲನ್ನಾ?"

ಅವನು ಕುರ್ಚಿಯಿಂದ ಎದ್ದೇಬಿಟ್ಟ. ಪುಟ್ಟ ಕಿಟಕಿ ಮೊದಲೇ ಹೊರಟುಹೋಗುತ್ತಿತ್ತು! ದೊಡ್ಡದು ಆಮೇಲೆ ಖಾಲಿ ಜಾಗವನ್ನು ಸೊಂಟ ಎಷ್ಟೆಂದು ಕೇಳಿ, ಉತ್ತರ ಸಿಗದೆ, ಹಿಂದಿನವರ ಸೊಂಟವನ್ನೇ ಇಟ್ಟುಕೊಳ್ಳುತ್ತಿತ್ತು. ಮುಚ್ಚುವ ಸಾಲನ್ನು ಕೇಳುವ ಸಾಲಿನ ಕೆಳಗೆ ತಂದ. ಅಷ್ಟಕ್ಕೇ ಬಿಡದೆ ಇನ್ನೊಂದು ಸಾಲನ್ನೂ ಸೇರಿಸಿದ.

"ಅತ್ತೆ, ಉಳಿಸಿಬಿಟ್ರಿ ನನ್ನ!"

"ಗ್ಯಾಸ್," ಎಂದರು ಅತ್ತೆ.

ಐದಕ್ಕೆ ಕಾಲು ಗಂಟೆ ಇರುವಾಗ ಅಂಗಡಿಯಲ್ಲಿ ಟೈಲರ್ ಮೂವತ್ತು ಒತ್ತಿದ. "ಸೊಂಟ ಮೂವತ್ತು ಎಂದಿರಿ. ಹೌದೇ?" ಎಂದು ಪರದೆ ಕೇಳಿತು. ಹೌದು ಎಂದ ಮೇಲೇ ಪುಟ್ಟ ಕಿಟಕಿ ಮುಚ್ಚಿದ್ದು. ಚೀಟಿಯಲ್ಲೂ ಮೂವತ್ತೇ ಬಂತು. ಟೈಲರ್ ಹೊರಗೆ ತೆಗೆದಿಟ್ಟಿದ್ದ ನೋಟ್‌ಬುಕ್ಕನ್ನು ಮೊಣಕಾಲಿನಿಂದಲೇ ಕಪಾಟಿನೊಳಕ್ಕೆ ತಳ್ಳಿದ.

"ಅಲ್ಲ ಸಾರ್, ಹೇಳಿದ್ದನ್ನೇ ತಿರುಗಿಸಿ ಕೇಳುತ್ತಲ್ಲ, ಯಾರಿದು?"

"ನಮ್ಮ ಅತ್ತೆ."

ಮತ್ತೆ ಬಂದು ಬೆಂಚಿನ ಮೇಲೆ ಕಾಯುತ್ತಿದ್ದ ಪ್ರಿನ್ಸಿಪಾಲರು ಮೆಲ್ಲಗೆ ಕೆಮ್ಮಿದರು. "ಮೂವತ್ತೂವರೆ ಮಾಡ್ರಪ್ಪ. ಕಾದೂ ಕಾದೂ ಆ ಬೇಕರೀಲಿ ನಾಲ್ಕು ಬನ್ ತಿಂದಿದೀನಿ."

ಗೆದ್ದ ಗತ್ತಿನಲ್ಲಿ ನೀಲಿಪರದೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದಳು. "ಅಮ್ಮ, ಗ್ಯಾಸ್ ಏನಾಯ್ತು ಅಂತ ಕೇಳು."

ಅವನ ಬಾಯಿಗೆ ಬಂದ "ಹ್ಞೂಂ" ಅರ್ಧಕ್ಕೇ ನಿಂತಿತು. ನೆಟ್ಟಗೆ ನಿಂತು, ಬಿಡಿಸಿ ಬಿಡಿಸಿ ಒಪ್ಪಿಸಿದ: "ಗ್ಯಾಸ್... ಮುಗಿದಿದೆ."

"ಅದನ್ನ ಬೆಳಿಗ್ಗೆ ಹೇಳಿದ್ದೇ ನಾನು ಕಣ್ರೀ! ತರೋದು ಯಾರು, ನಿಮ್ಮ ಕಂಪ್ಯೂಟರಾ?"

ಅಳಿಯನ ಮುಖಕ್ಕೇ ನೇರವಾಗಿ ಬಿತ್ತು ಮಾತು. ಇನ್ನು ತನ್ನ ಕೆಲಸವಿಲ್ಲವೆಂದು ಅತ್ತೆ ಗೋಡೆಗೊರಗಿ ಕಾಲು ಚಾಚಿದರು.