ಡೆಲಿಯಾಳ ಗ್ರ್ಯಾಂಡ್

ನಿಘಂಟು ತೆಗೆದು ನೋಡಿದರೆ 'ಗ್ರ್ಯಾಂಡ್' ಅಂದರೆ ಭವ್ಯ, ವೈಭವದ, ಅಂತೆಲ್ಲ ಇರುತ್ತದಂತೆ. ಇರಲಿ. ಅದನ್ನು ಬರೆದವರು ನಮ್ಮ ಸ್ಲೈಗೊ ಕಡೆಗೆ ಬಂದಿರಲಿಕ್ಕಿಲ್ಲ. ನಮ್ಮಲ್ಲಿ ಮಳೆ ಒಂದು ಗಳಿಗೆ ಬಿಡುವು ಕೊಟ್ಟರೆ ದಿನ ಗ್ರ್ಯಾಂಡ್. ಆಲೂಗಡ್ಡೆ ಹದವಾಗಿ ಬೆಂದರೆ ಗ್ರ್ಯಾಂಡ್, ತಳ ಸೀದಿದ್ದರೂ ಗ್ರ್ಯಾಂಡ್. ಹೊಟ್ಟೆ ಕೊಯ್ಸಿಕೊಂಡು ಆಸ್ಪತ್ರೆಯಿಂದ ಬಂದವನನ್ನು ಹೇಗಿದ್ದೀಯ ಅಂತ ಕೇಳಿದರೆ ಗೋಡೆ ಹಿಡಿದುಕೊಂಡೇ ಗ್ರ್ಯಾಂಡ್ ಅನ್ನುತ್ತಾನೆ. ಮಾತಿನ ಕೊನೆಗೆ 'ಗ್ರ್ಯಾಂಡ್ ಹಾಗಾದ್ರೆ' ಅಂದರೆ ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ.

ಇನ್ನು ಟೀ ಕೊಡಲಾ ಅಂದಾಗ 'ಬೇಡ, ನಾನು ಗ್ರ್ಯಾಂಡ್' ಅಂದರೆ, ಬೇಕು ಅಂತಲೇ. ಕೇಳಿದವರು ಇನ್ನೊಮ್ಮೆ ಕೇಳಬೇಕು, ಮತ್ತೂ ಒಮ್ಮೆ ಒತ್ತಾಯ ಮಾಡಬೇಕು, ಆಗ 'ನೀನು ಬಿಡೋಳಲ್ಲ' ಅಂತ ಗೊಣಗಿಕೊಂಡು ಕಪ್ಪು ಮುಂದೆ ಸರಿಸಬೇಕು. ಮೊದಲ ಸಲಕ್ಕೇ ಹೂಂ ಅಂದವನನ್ನು ನಮ್ಮವರು ಹೊಟ್ಟೆಬಾಕ ಅನ್ನುತ್ತಾರೆ. ಮೊದಲ ಸಲ ಕೇಳಿ ಸುಮ್ಮನಾದವನಿಗೆ ಮಾತ್ರ ನಮ್ಮಲ್ಲಿ ಹೆಸರಿಲ್ಲ. ಅಂಥವನೊಬ್ಬ ಹುಟ್ಟಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ.

ಡೆಲಿಯಾ ಕಿಲ್ಲೋರನ್ ನಮ್ಮ ಪಕ್ಕದ ಮನೆಯವಳು. ಹುಡುಗಿಯಾಗಿದ್ದಾಗ ಸ್ಲೈಗೊ ಪಟ್ಟಣದ ಬೇಕರಿಯಲ್ಲಿ ಕೆಲಸಕ್ಕಿದ್ದಳು. ಶನಿವಾರ ಡ್ಯಾನ್ಸಿಗೆ ಹೋಗಲು ಹಸಿರು ಕೋಟು ಹೊಲಿಸಿಕೊಂಡಿದ್ದಳು. ಅಣ್ಣ ಮಲಾಕಿಯ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕಾಗಿತ್ತು. ಸ್ವಲ್ಪ ದಿನಕ್ಕೆ ಅಂತ ಬಂದವಳು ತಲೆ ನರೆಯುವವರೆಗೆ ಅಲ್ಲೇ ಉಳಿದಳು. ಬೇಕರಿಯ ಕೆಲಸ ಬಿಟ್ಟಿದ್ದಕ್ಕೆ ಬೇಜಾರಿಲ್ಲವಾ ಅಂತ ಒಮ್ಮೆ ಕೇಳಿದ್ದೆ. "ನಂಗೇನು ಕಮ್ಮಿ ಆಗಿದೆ ಟೆಸ್ಸಿ, ಗ್ರ್ಯಾಂಡ್ ಆಗಿದೀನಿ" ಅಂದಳು. ಅವಳ ಕೈ ಆಗ ಎಂಡಾನ ಕೆಸರು ಮೆತ್ತಿದ ಕಾಲುಚೀಲ ಉಜ್ಜುತ್ತಿತ್ತು.

ಎಂಡಾ ಅಂದರೆ ಆ ಕೂಸು. ಅತ್ತೆಯೇ ಅವನಿಗೆ ತಾಯಿ. ಊರ ಮರ್ಯಾದೆಯನ್ನೆಲ್ಲ ಅವಳೇ ಕಲಿಸಿದ್ದು. ನಾನು ಅವರ ಮನೆಗೆ ಹೋದರೆ ಆ ಪೋರ ಬಿಸ್ಕತ್ತಿನ ತಟ್ಟೆ ಹಿಡಿದು ನನ್ನ ಮುಂದೆ ನಿಲ್ಲುತ್ತಿದ್ದ. ನಾನು ಬೇಡ ಅಂದರೆ, "ಮತ್ತೆ ಕೇಳೋ" ಅಂತ ಡೆಲಿಯಾ ಒಲೆಯ ಹತ್ತಿರದಿಂದಲೇ ಹೇಳುತ್ತಿದ್ದಳು. ಅವನು ಮತ್ತೆ ಕೇಳುತ್ತಿದ್ದ, ನಾನು ತೆಗೆದುಕೊಳ್ಳುವವರೆಗೆ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಬೆಳೆದು ಗಾಲ್ವೇಗೆ ಹೋದ, ಮದುವೆಯಾದ. ಮಲಾಕಿ ಸತ್ತಾಗ ಮನೆ, ಹೊಲ ಎಲ್ಲ ಮಗನಿಗೆ ಬಂತು. ತಂಗಿಯ ಹೆಸರನ್ನು ಉಯಿಲಿನಲ್ಲಿ ಬರೆಸಬೇಕು ಅಂತ ಮಲಾಕಿಗೆ ಹೊಳೆಯಲೇ ಇಲ್ಲ. ಗೋಡೆ, ಒಲೆ, ಡೆಲಿಯಾ, ಮೂರೂ ಮನೆಯ ಜೊತೆಗೇ ಇರುವಂಥವು ಅಂತ ಅವನ ಲೆಕ್ಕ.

ಮಲಾಕಿ ಸತ್ತು ತಿಂಗಳಾದಾಗ ಚರ್ಚಿನಲ್ಲಿ ಅವನ ಹೆಸರಿನ ಬಲಿಪೂಜೆ ಮುಗಿಸಿಕೊಂಡು ಎಲ್ಲರೂ ಅವರ ಅಡುಗೆಮನೆಯಲ್ಲಿ ಕೂತಿದ್ದೆವು. ಡೆಲಿಯಾ ಸೋಡಾ ಬ್ರೆಡ್ ಕೊಯ್ಯುತ್ತಿದ್ದಳು. ಎಂಡಾ ತಲೆಯೆತ್ತಿ ಸೂರು ನೋಡುತ್ತ, ಈ ಗೋಡೆ ಒಡೆಯಬೇಕು, ಆ ಕಿಟಕಿ ದೊಡ್ಡದಾಗಬೇಕು ಅಂತ ಹೆಂಡತಿಗೆ ತೋರಿಸುತ್ತಿದ್ದ. ಉಂಡ ಮನೆಯ ಜಂತೆ ಎಣಿಸುವವರು ಅಂತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಅತ್ತೆಯ ಕಡೆ ತಿರುಗಿದ.

"ಅತ್ತೆ, ನಾವು ಬೇಸಿಗೆಗೆ ಇಲ್ಲಿಗೇ ಬರ್ತಾ ಇದೀವಿ. ನೀನು ನಮ್ ಜೊತೆ ಇರ್ತೀಯಾ? ಇಲ್ಲಾಂದ್ರೆ ಟೌನಲ್ಲಿ ವೃದ್ಧಾಶ್ರಮ ಇದೆ, ಬೆಚ್ಚಗಿರುತ್ತೆ, ನರ್ಸ್‌ಗಳು ಇರ್ತಾರೆ."

ಡೆಲಿಯಾ ಕೈ ಒರೆಸಿಕೊಂಡಳು. ಅವಳ ಕೆನ್ನೆ ಕೆಂಪಾಯಿತು. "ಅಯ್ಯೋ, ನನ್ ಚಿಂತೆ ಬಿಡಪ್ಪ. ನಿಮಗ್ಯಾಕೆ ತೊಂದ್ರೆ. ನಾನು ಗ್ರ್ಯಾಂಡ್."

ಹೀಗಂದು ಒಲೆಯ ಕಡೆ ತಿರುಗಿ, ಕುದಿಯದ ಕೆಟಲನ್ನು ಸುಮ್ಮನೆ ಸರಿಸುತ್ತ ನಿಂತಳು. ಎರಡನೇ ಸಲ ಕೇಳಲಿ ಅಂತ ಕಾಯುವವರು ನಿಲ್ಲುವುದೇ ಹಾಗೆ.

"ಗ್ರ್ಯಾಂಡ್ ಹಾಗಾದ್ರೆ" ಅಂದ ಎಂಡಾ.

ನನಗೆ ಬಾಯಿ ತಡೆಯಲಾಗಲಿಲ್ಲ. "ಇನ್ನೊಂದ್ ಸಲ ಕೇಳೋ ಅವಳನ್ನ" ಅಂದೆ.

"ಅವಳೇ ಬಾಯಿಬಿಟ್ಟು ಹೇಳಿದ್ಲಲ್ಲ ಟೆಸ್ಸಿ. ಬಲವಂತ ಮಾಡೋಕಾಗುತ್ತಾ?" ಅಂದು ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡ. ನನ್ನ ಮುಖ ಮಾತ್ರ ನೋಡಲಿಲ್ಲ. ಗೊತ್ತಿಲ್ಲದೆ ಮಾಡಿದ್ದರೆ ನೋಡುತ್ತಿದ್ದ.

ಸಂಜೆ ಡೆಲಿಯಾಳನ್ನು ಬೈದೆ. "ಇರ್ತೀನಿ ಅನ್ನೋಕೆ ನಿನಗೇನು ಧಾಡಿ?"

"ಕೇಳ್ತಾನೆ ಬಿಡೇ. ಆಗ ಜನ ಇದ್ರು. ನಾನು ಬೆಳೆಸಿದ ಹುಡುಗ, ಅವನಿಗೆ ಗೊತ್ತಿಲ್ವಾ?"

ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಅಂತಾರೆ. ಡೆಲಿಯಾಗೆ ಬಾಯಿ ಇತ್ತು, ಅದರಲ್ಲಿ ಇದ್ದದ್ದು ಒಂದೇ ಮಾತು. ಆಶ್ರಮಕ್ಕೆ ಕರೆದೊಯ್ಯಲು ಕಾರು ಬಂದ ದಿನವೂ ಹೊಸಿಲ ಮೇಲೆ ತಡೆದು ನಿಂತಳು. "ಎಲ್ಲಾ ತಗೊಂಡ್ಯಾ ಅತ್ತೆ?" ಅಂತಷ್ಟೇ ಎಂಡಾ ಕೇಳಿದ್ದು.

ನಮ್ಮ ಮನೆಗೆ ಬಾ ಅಂತ ನಾನು ಮೂರಲ್ಲ, ಮೂವತ್ತು ಸಲ ಒತ್ತಾಯ ಮಾಡಿದೆ. ಅವಳಿಗೆ ಬೇಕಾಗಿದ್ದು ನನ್ನ ಮನೆಯಲ್ಲ. ಆಶ್ರಮದಲ್ಲಿ ಅವಳಿಗೆ ಕಾರು ನಿಲ್ಲಿಸುವ ಅಂಗಳದ ಕಡೆಯ ಕಿಟಕಿ ಸಿಕ್ಕಿತ್ತು. ನಾನು ಹೋದಾಗಲೆಲ್ಲ ಕುರ್ಚಿಯ ಬೆನ್ನಿಗೆ ಹೊರಗೆ ಹೋಗುವ ಕೋಟು ಹಾಕಿರುತ್ತಿತ್ತು. ಎಂಡಾ ಬರುತ್ತಿದ್ದ, ಇಲ್ಲವೆನ್ನಲಾರೆ, ದ್ರಾಕ್ಷಿ ತರುತ್ತಿದ್ದ. ಹೇಗಿದ್ದೀಯ ಅನ್ನುತ್ತಿದ್ದ, ಗ್ರ್ಯಾಂಡ್ ಅನ್ನುತ್ತಿದ್ದಳು, ಹೊರಡುತ್ತಿದ್ದ. ಎರಡನೇ ಚಳಿಗಾಲದಲ್ಲಿ ಅವಳ ಎದೆಯಲ್ಲಿ ಕಫ ಕಟ್ಟಿತು. ನರ್ಸ್ ಡಾಕ್ಟರನ್ನು ಕರೆಯಲಾ ಅಂದಾಗಲೂ ಅದೇ ಮಾತು ಹೇಳಿದಳಂತೆ. ಆ ನರ್ಸ್ ಪುಣ್ಯಾತ್ಗಿತ್ತಿ ಎರಡನೇ ಸಲವೂ ಕೇಳಿದಳು, ಡಾಕ್ಟರನ್ನೂ ಕರೆಸಿದಳು. ಆದರೆ ಹೊತ್ತು ಮೀರಿತ್ತು.

ಮಣ್ಣು ಮಾಡಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಟೀ ಇತ್ತು. ಕೆಟಲು ನನ್ನ ಕೈಯಲ್ಲಿತ್ತು. ಎಂಡಾ ಸ್ಮಶಾನದ ಗಾಳಿಗೆ ನಡುಗುತ್ತ ಬಂದು ಕೂತಿದ್ದ, ಬೆರಳು ನೀಲಿಗಟ್ಟಿದ್ದವು. ಅತ್ತೂ ಇದ್ದ, ಅದು ಸುಳ್ಳು ಅಳು ಅಂತ ನಾನು ಹೇಳುವುದಿಲ್ಲ.

"ಟೀ ಹಾಕ್ಲಾ ಎಂಡಾ?"

"ಬೇಡ ಟೆಸ್ಸಿ, ನಾನು ಗ್ರ್ಯಾಂಡ್" ಅಂದ. ಅನ್ನುತ್ತಲೇ ಕಪ್ಪನ್ನು ಒಂದಿಷ್ಟು ನನ್ನ ಕಡೆ ಸರಿಸಿದ.

"ಗ್ರ್ಯಾಂಡ್ ಹಾಗಾದ್ರೆ" ಅಂದೆ. ಪಕ್ಕದವರ ಕಪ್ಪಿಗೆ ಹಾಕಿ ಮುಂದೆ ಹೋದೆ.

ಅವನು ತಲೆಯೆತ್ತಿ ನೋಡಿದ್ದು ಗೊತ್ತಾಯಿತು. ನನಗೇನೂ ಸಮಾಧಾನವಾಗಲಿಲ್ಲ, ಒಂದು ಕಪ್ಪು ಟೀಗೆ ಡೆಲಿಯಾ ಎದ್ದು ಬರುತ್ತಾಳಾ. ಹಾಲ್‌ನ ತುದಿ ಮುಟ್ಟಿ ತಿರುಗಿದಾಗ ಅವನು ಇನ್ನೂ ಖಾಲಿ ಕಪ್ಪಿನ ಸುತ್ತ ಕೈ ಇಟ್ಟುಕೊಂಡೇ ಕೂತಿದ್ದ. ಅವನೇ ನನ್ನನ್ನು ಕರೆದು ಟೀ ಕೇಳಬಹುದಿತ್ತು, ಕೇಳಲಿಲ್ಲ. ತಾನಾಗಿ ಬಾಯಿಬಿಟ್ಟು ಕೇಳಬಾರದು ಅಂತ ಡೆಲಿಯಾ ಕಲಿಸಿದ್ದಳಲ್ಲ.