ಅಜ್ಜಿಯ ಬಾವಿಗೆ ಬಂದ ಬಣ್ಣ

ಒಂದೇ ಮನೆಯಲ್ಲಿ ನಲ್ಲಿಯೂ ಬಾವಿಯೂ ಜೊತೆಜೊತೆಗೆ ಬಾಳುತ್ತಿದ್ದ ಕಾಲ ಅದು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತೋ ಇಲ್ಲವೋ. ಲಕ್ಷ್ಮೀಪುರಂನ ನಮ್ಮ ಮನೆಯ ಮುಂದಿನ ಅಂಗಳದಲ್ಲಿ ನಲ್ಲಿ, ಹಿತ್ತಲಲ್ಲಿ ಬಾವಿ. ನಲ್ಲಿ ನೀರು ಅಪ್ಪ, ಅಮ್ಮ ಮತ್ತು ನನಗೆ. ಬಾವಿ ನೀರು ದೇವರಿಗೆ ಮತ್ತು ಅಜ್ಜಿಗೆ. ಅಪ್ಪನ ತಾಯಿಯಾದ ಅಜ್ಜಿ ನಲ್ಲಿ ನೀರನ್ನು ತುಟಿಗೆ ಸೋಕಿಸಿದವಳಲ್ಲ. ನಲ್ಲಿಯ ಒಳಗೆ ಚರ್ಮದ ವಾಷರ್ ಇರುತ್ತದೆಂದು ಯಾರೋ ಹೇಳಿದ್ದರು, ಅಷ್ಟೇ ಸಾಕಾಗಿತ್ತು.

"ಎಮ್ಮೆ ಚರ್ಮ ದಾಟಿ ಬಂದ ನೀರನ್ನ ನಾನು ಕುಡೀಬೇಕೇನೋ?" ಎಂದು ಅಪ್ಪನನ್ನು ಕೇಳುತ್ತಿದ್ದಳು. ಅರಮನೆಯ ಕಚೇರಿಯಲ್ಲಿ ಎಲ್ಲರಿಗೂ ಉತ್ತರ ಕೊಡುತ್ತಿದ್ದ ಅಪ್ಪ, ಇದಕ್ಕೆ ಮಾತ್ರ ಪೇಟ ಸುತ್ತಿಕೊಂಡು ಹೊರಟುಬಿಡುತ್ತಿದ್ದ.

ಬೆಳಿಗ್ಗೆ ಅಜ್ಜಿ ತಣ್ಣೀರು ಮಿಂದು, ಮಡಿಸೀರೆ ಉಟ್ಟು, ತಾನೇ ರಾಟೆಯ ಹಗ್ಗ ಎಳೆದು ನೀರು ಸೇದುತ್ತಿದ್ದಳು. ಅಲ್ಲಿಂದ ಮಧ್ಯಾಹ್ನದ ಊಟ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಆ ಸೀರೆಗೆ ಹೊಗೆಯ, ತುಪ್ಪದ, ಬಿಸಿಲಿನ ವಾಸನೆ. ನಾನು ಅಡಿಗೆಮನೆಯ ಹೊಸಿಲಾಚೆ ನಿಂತು ಮೂಗರಳಿಸಿ ಅಷ್ಟನ್ನು ದಕ್ಕಿಸಿಕೊಳ್ಳುತ್ತಿದ್ದೆ. "ದೂರ ನಿಂತ್ಕೊಳೇ ಪುಟ್ಟಿ, ಮೈಮೇಲೆ ಬಿದ್ದೀಯ!" ಎನ್ನುವುದೇ ಅಜ್ಜಿ ನನಗೆ ದಿನಾ ಹೇಳುತ್ತಿದ್ದ ಮೊದಲ ಮಾತು. ಬಾವಿ ನೀರಿನಲ್ಲಿ ಕುದಿಸಿದ ಅವಳ ತಿಳಿಸಾರಿನ ರುಚಿ ಅಮ್ಮನ ಕೈಗೆ ಬರುತ್ತಿರಲಿಲ್ಲ. ಅಮ್ಮನೇ ಅದನ್ನು ಒಪ್ಪುತ್ತಿದ್ದಳು, ಮುಖ ಸಿಂಡರಿಸಿಕೊಂಡು.

ಬೇಸಿಗೆ ಮುಗಿಯುವ ಹೊತ್ತಿಗೆ ಊರಲ್ಲಿ ವಾಂತಿಭೇದಿಯ ಸುದ್ದಿ ಹಬ್ಬುತ್ತಿತ್ತು. ಆಗ ಮುನಿಸಿಪಾಲಿಟಿಯ ಆಳು ಖಾಕಿ ಚಡ್ಡಿ ಹಾಕಿಕೊಂಡು, ತಗಡಿನ ಡಬ್ಬಿ ಹಿಡಿದು, ಮನೆಮನೆಯ ಬಾವಿಗೂ ಕೆಂಪು ಔಷಧಿ ಹಾಕಿ ಹೋಗುತ್ತಿದ್ದ. ಕಪ್ಪು ಹರಳಿನಂಥ ಪುಡಿ. ನೀರಿಗೆ ಬಿದ್ದೊಡನೆ ನೇರಳೆ ಬಣ್ಣದ ಎಳೆಗಳು ಇಳಿಯುತ್ತಿದ್ದವು. ಮೊದಲ ಸಲ ಅಜ್ಜಿ ಬಾವಿಗೆ ಅಡ್ಡ ನಿಂತಿದ್ದಳಂತೆ. ಆತ ಸಮಾಧಾನವಾಗಿಯೇ ಹೇಳಿದನಂತೆ: "ಎದರ್ಕೋಬ್ಯಾಡಿ ಕಣವ್ವ. ನೀರು ಕೆಂಪಗಿರೋ ಗಂಟ ಯಾವ ಕಾಯ್ಲೆನೂ ಬರಾಕಿಲ್ಲ."

ಅಜ್ಜಿ ಆ ಮಾತನ್ನು ಮಂತ್ರದಂತೆ ಇಟ್ಟುಕೊಂಡಳು. ಆಮೇಲೆ ಪ್ರತಿವರ್ಷ ಅವನ ದಾರಿ ಕಾಯುತ್ತಿದ್ದವಳೂ ಅವಳೇ. ಬಣ್ಣ ಒಂದೆರಡು ದಿನ ಇದ್ದು ಹೋಗಿಬಿಟ್ಟರೆ, ಔಷಧಿ ಕಡಿಮೆ ಹಾಕಿದ ಎಂದು ಗೊಣಗುತ್ತಿದ್ದಳು.

ನಾನು ಹೇಳಹೊರಟಿರುವ ವರ್ಷ ಆತ ಬಂದು ಹೋದ ಮೇಲೆ ಮೊದಲ ಮಳೆ ಜೋರಾಗಿ ಹೊಡೆಯಿತು. ಬಾವಿ ಕೆಂಪಗಾಯಿತು. ಆ ಕೆಂಪು ಹೋಗಲೇ ಇಲ್ಲ. ದಿನ ಕಳೆದಂತೆ ಇನ್ನಷ್ಟು ಗಾಢವಾಗಿ, ನೀರು ದಾಸವಾಳ ಕಿವುಚಿದ ಬಣ್ಣಕ್ಕೆ ತಿರುಗಿತು.

"ಬಣ್ಣ ಇನ್ನೂ ಹೋಗಿಲ್ವಲ್ಲ ಅತ್ತೆ," ಎಂದಳು ಅಮ್ಮ.

"ಈ ಸಲ ಒಳ್ಳೇ ಔಷಧಿ ತರಿಸಿದ್ದಾರೆ. ಹೊಸ ಸರ್ಕಾರ ಅಲ್ವೇನೇ," ಎಂದಳು ಅಜ್ಜಿ.

ದೇವರ ನೈವೇದ್ಯದ ಅನ್ನ ನಸುಗೆಂಪಗೆ ಬೆಂದಿತು. ಪೂಜೆಗೆಂದು ಬಾವಿ ನೀರಲ್ಲಿ ಒಗೆದು ಹಾಕಿದ ಅಪ್ಪನ ಬಿಳಿ ಪಂಚೆ ಮದುವಣಿಗನ ಪಂಚೆಯಂತಾಯಿತು. ನಾನು ನಕ್ಕೆ, ಬೈಸಿಕೊಂಡೆ. ಕೆಂಪು ನೀರಿನ ಸುದ್ದಿ ಬೀದಿಗೆ ಹಬ್ಬಿ, ಎದುರುಮನೆಯ ಶಾರದಮ್ಮ ಬಿಂದಿಗೆ ಹಿಡಿದು ಬಂದಳು. ಅವಳಿಗೆ ಇಬ್ಬರು ಚಿಕ್ಕ ಮಕ್ಕಳು. ಕಾಲರಾ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ನಮ್ಮ ಬಾವಿಗೆ ಬೇರೆಯವರ ಬಿಂದಿಗೆ ಇಳಿಯುವಂತಿರಲಿಲ್ಲ. ಅಜ್ಜಿಯೇ ಸೇದಿ, ಮೇಲಿನಿಂದ ಸುರಿದಳು. "ಮಕ್ಕಳಿಗೆ ಇದನ್ನೇ ಕುಡಿಸಮ್ಮ. ನಾಳೇನೂ ಬಾ," ಎಂದಳು. ಅವಳು ಬಂದಳು. ಅಜ್ಜಿ ಮಾರನೆಯ ದಿನವೂ ಸುರಿದಳು, ಅದರ ಮಾರನೆಯ ದಿನವೂ ಸುರಿದಳು. ಕೊಡುವುದರಲ್ಲಿ ಅವಳಿಗೊಂದು ಗತ್ತಿತ್ತು.

ಹಿಂದಿನ ಗೋಡೆಯ ಆಚೆ ರುದ್ರಪ್ಪನವರ ಷೆಡ್ಡು ಇತ್ತು. ಊದುಬತ್ತಿಯ ಬಿದಿರುಕಡ್ಡಿಗಳ ಬುಡಕ್ಕೆ ಬಣ್ಣ ಹಾಕುವ ಕೆಲಸ ಅಲ್ಲಿ. ಕೆಸರೆಯ ಕಡೆಯಿಂದ ಬರುವ ಹೆಂಗಸರು ಕಟ್ಟುಕಟ್ಟು ಕಡ್ಡಿಯನ್ನು ಬಣ್ಣದ ಬಾನಿಯಲ್ಲಿ ಅದ್ದಿ, ಬಿಸಿಲಿಗೆ ಹರಡುತ್ತಿದ್ದರು. ಮುರಿದ ಕಡ್ಡಿಗಳನ್ನು ನಾವು ಮಕ್ಕಳು ಆಯ್ದು ತಂದು, ರಾಶಿ ಚೆಲ್ಲಿ, ಒಂದನ್ನು ಅಲುಗಿಸದೆ ಇನ್ನೊಂದನ್ನು ಎತ್ತುವ ಆಟ ಆಡುತ್ತಿದ್ದೆವು. ಬೆರಳೆಲ್ಲ ಕೆಂಪು. ಬಾನಿಯ ಕೊನೆಯ ನೀರು ಷೆಡ್ಡಿನ ಹಿಂದಿನ ಗುಂಡಿಗೆ ಹೋಗುತ್ತಿದ್ದುದನ್ನು ಬೀದಿಯಲ್ಲಿ ಎಲ್ಲರೂ ನೋಡಿದ್ದರು. ಗುಂಡಿ ಆ ಕಡೆ, ಬಾವಿ ಈ ಕಡೆ, ನಡುವೆ ಕಲ್ಲಿನ ಗೋಡೆ. ಅದರ ಬಗ್ಗೆ ಯೋಚಿಸುವುದು ಏನಿತ್ತು?

ಒಂದು ಬೆಳಿಗ್ಗೆ ಅಜ್ಜಿ ಎಳೆದ ಕೊಡದಲ್ಲಿ ಹಸಿರು ನೀರು ಬಂತು.

ಪಾಚಿಯ ಹಸಿರಲ್ಲ. ಕೆಂಪಿನ ಮೇಲೆ ತೇಲುತ್ತಿದ್ದ, ಗಿಳಿಯ ಮೈಯಂಥ ಹಸಿರು. ಅಜ್ಜಿ ಕೊಡವನ್ನು ಕಟ್ಟೆಯ ಮೇಲಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಅಪ್ಪನನ್ನು ಕೂಗಿದಳು.

"ಹಸಿರು ಔಷಧಿ ಅಂತ ಉಂಟೇನೋ?"

ಅಪ್ಪ ನೀರನ್ನು ನೋಡಿದ. ಗೋಡೆಯನ್ನು ನೋಡಿದ. ಗೋಡೆಯಾಚೆ ಷೆಡ್ಡಿನ ಸೂರಿನ ಮೇಲೆ ಆ ವಾರವಷ್ಟೇ ಶುರುವಾಗಿದ್ದ ಹಸಿರು ಕಡ್ಡಿಯ ಕಟ್ಟುಗಳು ಒಣಗುತ್ತಿದ್ದವು. "ಇಲ್ಲಮ್ಮ," ಎಂದ.

ರುದ್ರಪ್ಪನವರು ಕೆಟ್ಟವರಲ್ಲ. ಅಪ್ಪ ಕರೆಸಿದಾಗ ಕೈಮುಗಿದೇ ಬಂದರು. ನಾನು ಕಂಬ ಹಿಡಿದು ಕೇಳಿಸಿಕೊಳ್ಳುತ್ತಿದ್ದೆ. "ಅಯ್ಯೋ, ನಮ್ ಗುಂಡಿ ನೀರು ನಿಮ್ ಬಾವಿಗೆ ಎಂಗೆ ಬತ್ತದೆ ಸ್ವಾಮಿ? ಮಧ್ಯ ಗೋಡೆ ಐತಲ್ಲ!" ಎಂದರು. ಕೊಡವನ್ನು ತೋರಿಸಿದ ಮೇಲೆ ಅವರ ಮುಖ ಇಳಿದುಹೋಯಿತು. "ಬುಡಿ ಸ್ವಾಮಿ, ನಾಳೆನೇ ಗುಂಡಿನ ಇನ್ನೂ ಆಳಕ್ಕೆ ತೋಡುಸ್ಬುಡ್ತೀನಿ. ಅಷ್ಟು ಕೆಳಕ್ಕೆ ಓದ್ರೆ ಯಾರಿಗೂ ತೊಂದ್ರೆ ಇರಾಕಿಲ್ಲ."

ಅಪ್ಪನಿಗೂ ಅದು ಸರಿ ಕಂಡಿತು. ಓದಿದವನು, ಆದರೂ ಸರಿ ಕಂಡಿತು. ಗುಂಡಿ ಆಳವಾಯಿತು. ಬಾವಿ ಮತ್ತೆ ತಿಳಿಯಾಗಲಿಲ್ಲ.

ಅಷ್ಟರಲ್ಲಿ ಶಾರದಮ್ಮನ ಮಕ್ಕಳಿಗೆ ಹೊಟ್ಟೆನೋವು ಹಿಡಿದಿತ್ತು, ಬಾಯೆಲ್ಲ ಹುಣ್ಣು. ನೀರಿನಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಮಕ್ಕಳು ಚೇತರಿಸಿಕೊಂಡರು. ಶಾರದಮ್ಮ ಜಗಳಕ್ಕೂ ಬರಲಿಲ್ಲ. ಬಿಂದಿಗೆ ಹಿಡಿದು ಬರುವುದನ್ನು ನಿಲ್ಲಿಸಿದಳು, ಅಷ್ಟೇ. ಅಜ್ಜಿ ಬಾಗಿಲಲ್ಲಿ ನಿಂತು ಎದುರುಮನೆಯ ಕಡೆ ನೋಡುತ್ತಿದ್ದಳು. "ನನ್ನ ಕೈಯಾರೆ ಹಾಕಿದೆ ಕಣೇ," ಎಂದು ಅಮ್ಮನಿಗೆ ಹೇಳಿದಳು. "ಮಡಿಯಲ್ಲಿ ಸೇದಿ ಹಾಕಿದೆ."

ಬೇರೆ ಬೀದಿಯ ಬಾವಿಯಿಂದ ಮಡಿನೀರು ತರಿಸಿಕೊಡುತ್ತೇನೆ ಎಂದ ಅಪ್ಪ. ವಾಷರನ್ನು ರಬ್ಬರಿನದಕ್ಕೆ ಬದಲಾಯಿಸುತ್ತೇನೆ ಎಂದೂ ಹೇಳಿದ. ಅಜ್ಜಿ ಒಂದು ಹಗಲೂ ಒಂದು ರಾತ್ರಿಯೂ ನೀರು ಮುಟ್ಟದೆ ಕೂತಳು. ಮಾರನೆಯ ಬೆಳಿಗ್ಗೆ ಮುಂದಿನ ಅಂಗಳಕ್ಕೆ ಬಂದು, "ತಿರುಗಿಸೇ ಅದನ್ನ, ನನಗೆ ಬರಲ್ಲ," ಎಂದಳು. ನಾನು ನಲ್ಲಿ ತಿರುಗಿಸಿದೆ. ಅಜ್ಜಿ ಬೊಗಸೆಯೊಡ್ಡಿ ಕುಡಿದಳು. ಗಲ್ಲದಿಂದ ಇಳಿದ ನೀರನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದಳು. ಅಮ್ಮ ಕಿಟಕಿಯಲ್ಲಿ ನಿಂತಿದ್ದಳು. ಯಾರೂ ಅಳಲಿಲ್ಲ. ನನಗೆ ಏನೂ ಅನ್ನಿಸಲಿಲ್ಲ. ನಲ್ಲಿ ನಿಲ್ಲಿಸಿ ಸ್ಕೂಲಿಗೆ ಹೋದೆ. ಇವತ್ತು ಇದನ್ನು ಬರೆಯುವಾಗಲೂ ಎದೆಯಲ್ಲಿ ಅಂಥದ್ದೇನೂ ಏಳುತ್ತಿಲ್ಲ. ಆ ಜಾಗ ಜೋಮು ಹಿಡಿದಂತೆಯೇ ಇದೆ.

ಅಂದಿನಿಂದ ಅಜ್ಜಿ ಮಡಿ ಬಿಟ್ಟಳು. ಅಡಿಗೆಮನೆ ಪೂರ್ತಿ ಅಮ್ಮನದಾಯಿತು. ಸಾರು ಸಪ್ಪೆಯಾಗಿದೆ ಎಂದು ಅಜ್ಜಿ ಒಂದು ದಿನವೂ ಹೇಳಲಿಲ್ಲ, ಬಡಿಸಿದ್ದನ್ನು ಉಂಡೆದ್ದಳು. ಎಷ್ಟು ಹೇಳುತ್ತಿದ್ದವಳು! ಬೈಯಲಿ ಎಂದು ಅಮ್ಮ ಒಂದು ದಿನ ಬೇಕೆಂದೇ ಉಪ್ಪು ಮರೆತಳು. ಅದನ್ನೂ ಉಂಡಳು.

ಬಾವಿಗೆ ಆಮೇಲೆ ಕಲ್ಲುಚಪ್ಪಡಿ ಹಾಕಿಸಿದರು. ಕೆಲವು ವರ್ಷಗಳಲ್ಲಿ ಬೀದಿಯ ಬಾವಿಗಳೆಲ್ಲ ಮಣ್ಣು ತುಂಬಿಸಿಕೊಂಡವು. ಈಗ ನನ್ನ ಮನೆಯ ಗೋಡೆಯ ಮೇಲೆ ನೀರು ಶುದ್ಧ ಮಾಡುವ ಯಂತ್ರವಿದೆ. ಅದರ ಹಸಿರು ದೀಪ ಹತ್ತಿದರೆ ಕುಡಿಯುತ್ತೇವೆ. ಲೋಟದ ಒಳಗೆ ಯಾರೂ ನೋಡುವುದಿಲ್ಲ. ನೆಲದಡಿಯ ನೀರು ಯಾವ ಬಣ್ಣದ್ದಿದೆಯೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ನೋಯಿಸುವುದೂ ಇಲ್ಲ.

ಅಜ್ಜಿ ನಲ್ಲಿ ನೀರು ಕುಡಿದ ಕೆಲವು ದಿನಗಳ ಮೇಲೆ, ಸ್ಕೂಲಿಗೆ ರಜಾ ಇದ್ದ ಒಂದು ಬೆಳಿಗ್ಗೆ, ಅವಳು ಹಜಾರದಲ್ಲಿ ಸುಮ್ಮನೆ ಕೂತಿದ್ದಳು. ನಾನು ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟೆ. ಬೆಳಗಿನ ಹೊತ್ತಿನಲ್ಲಿ ಹಾಗೆ ಮಲಗಬೇಕೆಂಬುದು ನನಗೆ ಬುದ್ಧಿ ಬಂದಾಗಿನ ಆಸೆ. ಅಜ್ಜಿ ತಲೆ ಸವರಿದಳು. ನಾನು ಬೇಕೆಂದೇ ಅವಳ ಮೈಮೇಲೆಲ್ಲ ಬಿದ್ದು ಹೊರಳಾಡಿದೆ, ದೂರ ನಿಂತ್ಕೊಳೇ ಎನ್ನಲಿ ಎಂದು ಕಾದೆ. ಅವಳು ತಲೆ ಸವರುತ್ತಲೇ ಇದ್ದಳು.