ನೀರು ಕುಣಿಸುವವನು

ಮಾನ್ವಿಯ ನಮ್ಮ ಓಣಿಯ ಡಿಜೆಯವನ ಶೋಗೆ ಹೋಗುವವರು ಕಿವಿಯನ್ನಲ್ಲ, ಎದೆಯನ್ನು ಗಟ್ಟಿ ಮಾಡಿಕೊಂಡು ಹೋಗಬೇಕಿತ್ತು. ಬೇಸಿನ ದಪ್ಪ ಸದ್ದು ಅಂಗಾಲಿನಿಂದ ಏರಿ ಪಕ್ಕೆಲುಬಿಗೆ ಗುದ್ದುತ್ತಿತ್ತು. ಟ್ರ್ಯಾಕ್ಟರ್ ಮೇಲೆ ಸ್ಪೀಕರ್ ಪೆಟ್ಟಿಗೆಗಳನ್ನು ಪೇರಿಸಿ, ಶುರು ಮಾಡುವ ಮುಂಚೆ ಅವುಗಳ ಮೇಲೊಂದು ಗ್ಲಾಸು ನೀರಿಟ್ಟು ನೋಡುತ್ತಿದ್ದ. "ನೀರು ಕುಣೀಲಿಲ್ಲಂದ್ರ ಮಂದಿ ಹ್ಯಾಂಗ ಕುಣೀತಾರ?" ಎನ್ನುತ್ತಿದ್ದ.

ಒಮ್ಮೆ ನೀಲಿ ಬಾವುಟಗಳ ಜಯಂತಿ ಮೆರವಣಿಗೆ ಅವನ ಟ್ರ್ಯಾಕ್ಟರ್ ಸಮೇತ ದೊಡ್ಡ ಓಣಿಗೆ ಬಂದಾಗ, ಅಕ್ಕಿ ಗಿರಣಿಯ ಸಾಹುಕಾರರು ಚಹಾದ ಕಪ್ಪು ಹಿಡಿದೇ ಕಟ್ಟೆಗೆ ಬಂದರು.

"ಲೇ, ನಮ್ಮ ಮನಿ ಮುಂದ ಸೌಂಡ್ ಕಮ್ಮಿ ಮಾಡು!"

ಡಿಜೆಯವನು ಕೈಮುಗಿದ.

"ಸಾಹುಕಾರ್ರ, ನಿಮ್ಮ ಮದಿವ್ಯಾಗ ನಮ್ಮಪ್ಪ ಹಲಗಿ ಬಾರಿಸಾಕತ್ತಿದಾಗ 'ಜೋರು ಬಾರಿಸಲೇ' ಅಂದಿದ್ರಂತ. ಈಗ್ಯಾಕ ಕಮ್ಮಿ?"

ಬೇಸಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಸಾಹುಕಾರರ ಕಪ್ಪಿನಲ್ಲಿ ಚಹಾ ಕುಣಿಯತೊಡಗಿತು.